ಕೊಪ್ಪಳ ಜಿಲ್ಲೆಯಲ್ಲಿ ಮಕ್ಕಳಿಗೆ, ಕುಟುಂಬಕ್ಕೆ ನೆರವು ಹುಡುಕುವುದು ಹೇಗೆ: ಯಾವ ಬಾಗಿಲಿಗೆ, ಯಾವ ಕಾಗದ ಹಿಡಿದು

ಕುಷ್ಟಗಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಅನ್ನುವುದು ಬೋರ್ಡಿಗೆ ಮಾತ್ರ. ದಿನವಿಡೀ ನಡೆಯುವುದು ಅರ್ಜಿ ತುಂಬುವ ಕೆಲಸ. ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಸುತ್ತಿಕೊಂಡು ಬರುವ ಹೆಣ್ಣುಮಕ್ಕಳು ಕೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಅಣ್ಣಾ, ಹುಡುಗರಿಗೆ ಏನರ ಸ್ಕೀಮ್ ಐತೇನು?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಸ್ಕೀಮು ಹತ್ತಾರಿವೆ, ಅದರಲ್ಲಿ ಎಂಟು ನಿಮಗೆ ಸಂಬಂಧವೇ ಇಲ್ಲದವು. ನಾನು ತಿರುಗಿ ಕೇಳುತ್ತೇನೆ: "ಯಕ್ಕಾ, ಹುಡುಗಗ ಏನಾಗೇತಿ? ಈ ತಿಂಗಳು ಏನಿಲ್ಲದ ನಡೆಯಂಗಿಲ್ಲ, ಅದನ್ನ ಹೇಳು." ಅಲ್ಲಿಂದ ಶುರುವಾದರೆ ದಾರಿ ಸಿಗುತ್ತದೆ. ನಾನು ಯಾವ ಇಲಾಖೆಯವನೂ ಅಲ್ಲ. ಅರ್ಜಿ ಎಲ್ಲಿಗೆ ಹೋಗಿ ಯಾಕೆ ವಾಪಸು ಬರುತ್ತದೆ ಅಂತ ನೋಡಿ ನೋಡಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ರಾಯಚೂರು, ಬಳ್ಳಾರಿಯವರಿಗೂ ಊರಿನ ಹೆಸರು ಬಿಟ್ಟರೆ ಉಳಿದದ್ದೆಲ್ಲ ಇದೇ.

ಹಂತ 1: ಕಷ್ಟವನ್ನು ಬಿಡಿಸಿ ಇಡಿ

ಒಂದು ಮನೆಯ ಉದಾಹರಣೆ ಹಿಡಿಯೋಣ, ಇಂಥ ಮನೆ ನಿಮ್ಮ ಓಣಿಯಲ್ಲೂ ಇರುತ್ತದೆ. ಅಪ್ಪ ತೀರಿಕೊಂಡಿದ್ದಾನೆ. ಅವ್ವ ಕೂಲಿಗೆ ಹೋಗುತ್ತಾಳೆ. ಹದಿಮೂರರ ಹುಡುಗಿ ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿದ್ದಾಳೆ. ಆ ತಮ್ಮನಿಗೆ ಎರಡು ತುಂಬಿದರೂ ನಡಿಗೆ ಬಂದಿಲ್ಲ, ಮೈಯಲ್ಲಿ ಮಾಂಸವಿಲ್ಲ.

ಇದೆಲ್ಲವನ್ನೂ ಒಂದೇ ಮನವಿಯಲ್ಲಿ ತುರುಕಿ "ದಯಮಾಡಿ ಸಹಾಯ ಮಾಡಬೇಕು" ಅಂತ ಬರೆದರೆ ಯಾವ ಟೇಬಲ್ಲಿನವರೂ ಅದು ತಮ್ಮದು ಅನ್ನುವುದಿಲ್ಲ. ಬಿಡಿಸಿ ನೋಡಿ. ಮನೆಗೆ ದುಡ್ಡಿಲ್ಲ ಅನ್ನುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕೆಲಸ. ಹುಡುಗಿಯ ಓದು ಹೆಡ್‌ಮಾಸ್ತರ ಮತ್ತು ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಕಚೇರಿಯದು. ಹುಡುಗನ ತೂಕ ಅಂಗನವಾಡಿಯದು, ನಡಿಗೆ ಡಾಕ್ಟರರದು. ಅವ್ವ ಕೆಲಸಕ್ಕೆ ಹೋದಾಗ ಮಗು ಎಲ್ಲಿ ಇರಬೇಕು ಅನ್ನುವುದು ಪಂಚಾಯಿತಿಯದು. ಹೀಗೆ ಒಂದು ಹಾಳೆಯಲ್ಲಿ ಎಡಕ್ಕೆ ಕಷ್ಟ, ಬಲಕ್ಕೆ ಬಾಗಿಲು ಅಂತ ಬರೆದುಕೊಳ್ಳಿ. ಓದು ಬಾರದವರು ಮಕ್ಕಳ ಕೈಯಲ್ಲಿ ಬರೆಸಿ.

ಹಂತ 2: ಇವತ್ತೇ ಅಪಾಯವಿದ್ದರೆ ಅರ್ಜಿ ಬೇಡ, ಫೋನು

ಮಗುವಿಗೆ ಹೊಡೆತ ಬೀಳುತ್ತಿದೆ, ಕಳೆದುಹೋಗಿದೆ, ದುಡಿಮೆಗೆ ಹಚ್ಚಿದ್ದಾರೆ, ನಾಳೆ ಮದುವೆ ಇಟ್ಟುಕೊಂಡಿದ್ದಾರೆ: ಇಂಥದ್ದಕ್ಕೆ ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಬೀಳುವುದಿಲ್ಲ. ಮಗುವೇ ಮಾಡಬಹುದು, ಪಕ್ಕದ ಮನೆಯವರೂ ಮಾಡಬಹುದು. ಮೊದಲು ಇದನ್ನು ಸಂಸ್ಥೆಗಳು ನಡೆಸುತ್ತಿದ್ದವು. 2023ರಿಂದ ಸರ್ಕಾರವೇ ವಹಿಸಿಕೊಂಡು ಪೊಲೀಸ್ ತುರ್ತು ನಂಬರು 112ರ ಜೊತೆ ಜೋಡಿಸಿದೆ. ಜೀವಕ್ಕೇ ಅಪಾಯ ಅನ್ನಿಸಿದರೆ ನೇರ 112. ಮನೆಯಲ್ಲಿ ಹೆಂಗಸಿಗೂ ಹಿಂಸೆ ಇದ್ದರೆ ಮಹಿಳಾ ಸಹಾಯವಾಣಿ 181. ಅವರು ಜಿಲ್ಲೆಯ 'ಸಖಿ' ಕೇಂದ್ರಕ್ಕೆ ಜೋಡಿಸುತ್ತಾರೆ, ಅಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಕೆಲವು ದಿನ ತಂಗಲು ಜಾಗ ಒಂದೇ ಕಡೆ ಸಿಗುತ್ತದೆ. ಆಂಬುಲೆನ್ಸಿಗೆ 108.

ಫೋನು ಮಾಡುವ ಮೊದಲು ಮೂರು ವಿಷಯ ಕೈಯಲ್ಲಿರಲಿ: ಊರು ಮತ್ತು ಓಣಿಯ ಗುರುತು (ಗುಡಿ, ನೀರಿನ ಟಾಕಿ, ಏನಾದರೂ), ಮಗುವಿನ ಅಂದಾಜು ವಯಸ್ಸು, ಈಗ ಮಗು ಎಲ್ಲಿದೆ. ಫೋನು ಎತ್ತುವವರು ನಿಮ್ಮ ಊರಿನವರಲ್ಲ; "ನಮ್ಮ ಹಿರೇಮಠದ ಹಿಂದಿನ ಮನಿ" ಅಂದರೆ ಅವರಿಗೆ ತಿಳಿಯುವುದಿಲ್ಲ. ತಾಲ್ಲೂಕಿನ ಹೆಸರು ಮೊದಲು ಹೇಳಿ.

ಹಂತ 3: ಊರೊಳಗಿನ ಜನರನ್ನು ಮೊದಲು ಹಿಡಿಯಿರಿ

ಕೊಪ್ಪಳಕ್ಕೆ ಬಸ್ಸು ಹತ್ತುವ ಮುಂಚೆ ನಿಮ್ಮ ಊರಲ್ಲೇ ಮಾತಾಡಿಸಬೇಕಾದವರಿದ್ದಾರೆ. ಅಂಗನವಾಡಿ ಟೀಚರ್, ಆಶಾ, ಶಾಲೆಯ ಹೆಡ್‌ಮಾಸ್ತರ, ಪಂಚಾಯಿತಿಯ ಪಿಡಿಒ (ಅಭಿವೃದ್ಧಿ ಅಧಿಕಾರಿ). ಅಂಗವಿಕಲ ಮಗುವಿದ್ದರೆ ಇನ್ನೊಬ್ಬರು: ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಇವರನ್ನು ವಿಆರ್‌ಡಬ್ಲ್ಯೂ ಅನ್ನುತ್ತಾರೆ. ಪಂಚಾಯಿತಿಗೆ ಒಬ್ಬರಂತೆ ನೇಮಿಸುವ ಇವರೂ ಅಂಗವಿಕಲರೇ ಆಗಿರುತ್ತಾರೆ. ಎಷ್ಟೋ ಊರಲ್ಲಿ ಇಂಥವರೊಬ್ಬರಿದ್ದಾರೆ ಅನ್ನುವುದೇ ಜನಕ್ಕೆ ಗೊತ್ತಿಲ್ಲ. ಪಂಚಾಯಿತಿಗೆ ಹೋಗಿ ಹೆಸರು ಕೇಳಿ ಬರೆದುಕೊಳ್ಳಿ.

ಯಾಕೆ ಇವರು ಮೊದಲು? ಮೇಲಿನ ಕಚೇರಿಗೆ ನೀವು ಅರ್ಜಿ ಕೊಟ್ಟರೂ ಕೊನೆಗೆ ಮನೆ ನೋಡಲು, ವರದಿ ಬರೆಯಲು ಕೇಳುವುದು ಇವರನ್ನೇ. "ಆ ಮನಿ ನಮಗ ಗೊತ್ತೈತ್ರಿ, ಖರೇ ಕಷ್ಟ ಐತಿ" ಅಂತ ಅಂಗನವಾಡಿ ಟೀಚರ್ ಹೇಳುವ ಒಂದು ಮಾತಿಗೆ ಹತ್ತು ಜೆರಾಕ್ಸಿನ ತೂಕವಿದೆ. ಅದು ಸರಿಯೋ ತಪ್ಪೋ ಬೇರೆ ಮಾತು, ಹಾಗೆ ನಡೆಯುತ್ತದೆ.

ಪಂಚಾಯಿತಿಯಲ್ಲಿ ಇನ್ನೊಂದು ವಿಚಾರಿಸಿ: 'ಕೂಸಿನ ಮನೆ' ಇದೆಯೇ ಅಂತ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಕೂಸುಗಳನ್ನು ಹಗಲು ನೋಡಿಕೊಳ್ಳಲು 2023ರಲ್ಲಿ ಶುರುವಾದದ್ದು, ರಾಜ್ಯದ ಸುಮಾರು 4000 ಪಂಚಾಯಿತಿಗಳಿಗೆ ಯೋಜಿಸಿದ್ದರು. ನಮ್ಮ ಉದಾಹರಣೆಯ ಹುಡುಗಿ ಶಾಲೆಗೆ ಮರಳಬೇಕಾದರೆ ಮೊದಲು ಅವಳ ಸೊಂಟದ ಮೇಲಿನ ತಮ್ಮ ಇಳಿಯಬೇಕು. ಕೂಸಿನ ಮನೆ ಇಲ್ಲದಿದ್ದರೆ, ಮಗುವಿಗೆ ಮೂರು ತುಂಬಿದೊಡನೆ ಅಂಗನವಾಡಿಯಲ್ಲಿ ಕೂರಿಸಬಹುದು. ನವೆಂಬರ್ 14ರ ಆಸುಪಾಸಿನಲ್ಲಿ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಅಲ್ಲಿ ಮಕ್ಕಳು ಎದ್ದು ನಿಂತು ಕೇಳಿದ ಪ್ರಶ್ನೆ ನಡವಳಿ ಪುಸ್ತಕಕ್ಕೆ ಹೋಗುತ್ತದೆ. ದೊಡ್ಡವರು ಕೇಳಿದರೆ ನಗುವ ಪ್ರಶ್ನೆಗೆ ಅಲ್ಲಿ ಉತ್ತರ ಕೊಡಬೇಕಾಗುತ್ತದೆ. ಮಕ್ಕಳನ್ನು ಕಳಿಸಿ.

ಹಂತ 4: ಕಾಗದದ ಚೀಲ

ಇದು ನನ್ನ ಕಸುಬಿನ ಜಾಗ, ಸ್ವಲ್ಪ ನಿಲ್ಲುತ್ತೇನೆ.

ಎಲ್ಲದಕ್ಕೂ ತಳಹದಿ ಜನನ ಪ್ರಮಾಣಪತ್ರ. ಹುಟ್ಟಿದ 21 ದಿನದೊಳಗೆ ನೋಂದಾಯಿಸಿದರೆ ತೊಂದರೆಯೇ ಇಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅಲ್ಲೇ ಆಗುತ್ತದೆ, ಮನೆಗೆ ಬರುವ ಮೊದಲು ಕಾಗದ ಕೇಳಿ ತನ್ನಿ. ಒಂದು ವರ್ಷ ದಾಟಿದ ಮೇಲೆ ನೋಂದಾಯಿಸಲು ಕಂದಾಯ ಅಧಿಕಾರಿಗಳ ಆದೇಶ ಬೇಕು. ಮಾಡಿಸಿಕೊಳ್ಳಬಹುದು, ಓಡಾಟ ಹೆಚ್ಚು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗಂತೂ ಹುಟ್ಟಿದ ದಿನಕ್ಕೆ ಮುಖ್ಯ ಸಾಕ್ಷಿ ಈ ಒಂದೇ ಕಾಗದ.

ಆಮೇಲೆ ಆಧಾರ್. ಐದು ವರ್ಷದೊಳಗೆ ನೀಲಿ ಬಣ್ಣದ ಬಾಲ ಆಧಾರ್. ಐದು ತುಂಬಿದ ಮೇಲೊಮ್ಮೆ, ಹದಿನೈದು ತುಂಬಿದ ಮೇಲೊಮ್ಮೆ ಬೆರಳಚ್ಚು ಕೊಡಿಸಲೇಬೇಕು. ಇದನ್ನು ಮರೆತವರ ಮಕ್ಕಳ ವಿದ್ಯಾರ್ಥಿವೇತನ ನಿಂತದ್ದನ್ನು ನಾನು ಕಂಡಿದ್ದೇನೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಆ ಹಾಳೆಯ ಮೇಲೆ 'ಆರ್‌ಡಿ' ಅಂತ ಶುರುವಾಗುವ ಸಂಖ್ಯೆ ಇರುತ್ತದೆ, ಅದನ್ನು ಬೇರೆ ಬರೆದಿಡಿ; ಹಾಳೆ ಕಳೆದರೂ ಸಂಖ್ಯೆಯಿಂದ ತೆಗೆಯಬಹುದು. ರೇಷನ್ ಕಾರ್ಡು, ತಾಯಿ ಕಾರ್ಡು (ಬಸುರಿನಲ್ಲಿ ಕೊಟ್ಟದ್ದು, ಮಗುವಿನ ಲಸಿಕೆ ಬರೆಯುವುದು), ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಅಪ್ಪ ಅವ್ವ ಇಲ್ಲವಾಗಿದ್ದರೆ ಮರಣ ಪ್ರಮಾಣಪತ್ರ, ಪಾಸ್‌ಬುಕ್, ಆರು ಫೋಟೋ.

ಇನ್ನು ನನ್ನದೇ ತಪ್ಪೊಂದು. ಒಮ್ಮೆ ಒಂದು ಹುಡುಗನ ಅರ್ಜಿ ತುಂಬಿದೆ. ಶಾಲೆಯಲ್ಲಿ 'ಶರಣಪ್ಪ', ಆಧಾರ್‌ನಲ್ಲಿ 'ಶರಣಬಸಪ್ಪ'. ಎರಡೂ ಒಂದೇ ಹುಡುಗ, ಊರಿಗೆಲ್ಲ ಗೊತ್ತು, ನಡೀತದ ಅಂತ ಕಳಿಸಿಬಿಟ್ಟೆ. ಕಂಪ್ಯೂಟರಿಗೆ ಊರು ಗೊತ್ತಿಲ್ಲವಲ್ಲ! ಐದು ತಿಂಗಳ ಮೇಲೆ ಅರ್ಜಿ ವಾಪಸು ಬಂತು, ಆ ತಾಯಿ ನನ್ನ ಮೇಲೆ ಸಿಟ್ಟಾಗಲೂ ಇಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಅಂದಿನಿಂದ ಎಲ್ಲ ಕಾಗದ ಟೇಬಲ್ಲಿನ ಮೇಲೆ ಹರಡಿ ಹೆಸರು, ಹುಟ್ಟಿದ ದಿನ, ಅಪ್ಪನ ಹೆಸರು ಅಕ್ಷರ ಅಕ್ಷರ ಹೊಂದುತ್ತವೆಯೇ ನೋಡದೆ ಪೆನ್ನು ಹಿಡಿಯುವುದಿಲ್ಲ. ನೀವೂ ಹಿಡಿಯಬೇಡಿ.

ಬ್ಯಾಂಕಿನಲ್ಲಿ ಕೇಳುವ ಮಾತು ಕೂಡ ಸರಿಯಾಗಿರಲಿ. "ಆಧಾರ್ ಲಿಂಕ್ ಆಗೇತೇನ್ರಿ?" ಅಂದರೆ ಆಗಿದೆ ಅನ್ನುತ್ತಾರೆ. "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ, ಸರ್ಕಾರದ ದುಡ್ಡು ಈ ಖಾತೆಗೇ ಬರುತ್ತದೆಯೇ" ಅಂತ ಕೇಳಿ. ಎರಡೂ ಬೇರೆ ಬೇರೆ. ಮಂಜೂರಾದ ದುಡ್ಡು ಎಂದೋ ಮರೆತ ಹಳೆಯ ಖಾತೆಗೆ ಹೋಗಿ ಕೂತಿರುವುದು ಅಪರೂಪವೇನಲ್ಲ.

ಅಪ್ಪನ ಹೆಸರಿನ ಜಾಗ ಖಾಲಿ ಬಿಡಬೇಕಾದ ಮನೆಗಳೂ ನಮ್ಮ ಕಡೆ ಇವೆ, ದೇವದಾಸಿ ತಾಯಂದಿರ ಮಕ್ಕಳು ಅದರಲ್ಲಿ ಬಹಳ. ಆ ಕಾರಣಕ್ಕೆ ಮಗುವನ್ನು ಶಾಲೆಗೆ ಸೇರಿಸದೇ ಇರಬೇಡಿ. ತಾಯಿಯ ಹೆಸರು ಬರೆದು ಅರ್ಜಿ ಕೊಡಿ. ವಯಸ್ಸಿನ ದಾಖಲೆ ಇಲ್ಲ ಅಂತಲೋ, ಟಿಸಿ ಬಂದಿಲ್ಲ ಅಂತಲೋ ಮಗುವನ್ನು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ ಅನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ.

ಹಂತ 5: ಆರು ವರ್ಷದೊಳಗಿನ ಮಗು, ತೂಕ ಮತ್ತು ಬೆಳವಣಿಗೆ

ಅಂಗನವಾಡಿಯಲ್ಲಿ ಮಗುವಿನ ಎಡತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುತ್ತಾರೆ. ಆರು ತಿಂಗಳು ತುಂಬಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು, 12.5ರವರೆಗೆ ಹಳದಿ. ಕೆಂಪು ಅಂದರೆ ತೀವ್ರ ಅಪೌಷ್ಟಿಕತೆ. "ನಮ್ಮ ವಂಶಾನ ತೆಳ್ಳಗ" ಅಂತ ಅಜ್ಜಿ ಹೇಳುವುದನ್ನು ಪಕ್ಕಕ್ಕಿಟ್ಟು ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ. ಜನ ಎನ್‌ಆರ್‌ಸಿ ಅನ್ನುತ್ತಾರೆ. ಎರಡು ಪಾದಕ್ಕೂ ಬಾವು ಬಂದಿದ್ದರೆ ಪಟ್ಟಿಯ ಬಣ್ಣ ನೋಡುತ್ತಾ ಕೂರಬೇಡಿ, ಅದೇ ದಿನ ಹೊರಡಿ.

ಅಲ್ಲಿ ಸಾಮಾನ್ಯವಾಗಿ 14 ದಿನ ಇರಬೇಕು. ತಾಯಿಯೂ ಜೊತೆಗೆ. ಮಗುವಿಗೆ ಔಷಧ, ತೂಕಕ್ಕೆ ತಕ್ಕ ವಿಶೇಷ ಹಾಲಿನ ಆಹಾರ. ತಾಯಿಗೆ ಊಟ, ಕೂಲಿ ತಪ್ಪಿದ್ದಕ್ಕೆ ದಿನದ ಲೆಕ್ಕದಲ್ಲಿ ಪರಿಹಾರ. ಈ ಪರಿಹಾರದ ಮಾತು ತಿಳಿಯದೆಯೇ "ಹದಿನಾಕು ದಿನ ಕೂಲಿ ಬಿಟ್ಟ ಕುಂದ್ರಾಕ ಆಗಂಗಿಲ್ಲ" ಅಂತ ಎಷ್ಟೋ ತಾಯಂದಿರು ಮೂರನೇ ದಿನಕ್ಕೆ ವಾಪಸಾಗುತ್ತಾರೆ. ಸೇರಿಸುವ ದಿನವೇ ಪಾಸ್‌ಬುಕ್ ಜೆರಾಕ್ಸ್ ಕೊಡಿ. ಮನೆಯಲ್ಲಿ ಉಳಿದ ಮಕ್ಕಳಿಗೆ ಯಾರು ರೊಟ್ಟಿ ಬಡಿಯುತ್ತಾರೆ ಅನ್ನುವುದನ್ನು ಹೊರಡುವ ಮುಂಚೆ ಗೊತ್ತುಮಾಡಿಕೊಳ್ಳಿ. ನನ್ನ ಅನುಭವದಲ್ಲಿ ಹೆಣ್ಣುಮಕ್ಕಳು ಅರ್ಧಕ್ಕೆ ಬರುವುದು ಇದಕ್ಕೇ. ಬಿಡುಗಡೆಯಾದ ಮೇಲೆ ಹದಿನೈದು ದಿನಕ್ಕೊಮ್ಮೆ ತೋರಿಸಲು ಕರೆಯುತ್ತಾರೆ. ಹೋಗಿ. ತೂಕ ಬಂದಷ್ಟೇ ಬೇಗ ಇಳಿಯುತ್ತದೆ.

ನಡಿಗೆ, ಮಾತು, ಕಿವಿ, ಕಣ್ಣು, ಹೃದಯ, ಸೀಳುತುಟಿ, ಇವಕ್ಕೆ ಇನ್ನೊಂದು ದಾರಿ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಹುಟ್ಟಿದ ಕೂಸಿನಿಂದ 18 ವರ್ಷದವರೆಗೆ. ಜನ ಇದನ್ನು ಆರ್‌ಬಿಎಸ್‌ಕೆ ಗಾಡಿ ಅನ್ನುತ್ತಾರೆ. ಗಾಡಿ ಬರುವ ದಿನ ಅಂಗನವಾಡಿ ಟೀಚರಿಗೆ ಮೊದಲೇ ಗೊತ್ತಿರುತ್ತದೆ. ಅವತ್ತು ಮಗುವನ್ನು ಹೊಲಕ್ಕೆ ಕರೆದುಕೊಂಡು ಹೋಗಬೇಡಿ. ಅವರು ಬರೆದುಕೊಟ್ಟ ಚೀಟಿ ಇದ್ದರೆ ಮುಂದಿನ ತಪಾಸಣೆ, ಆಪರೇಷನ್ ಉಚಿತ. ಚೀಟಿಯಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಸಾಲ ಮಾಡಿದ ಮೇಲೆ ನನ್ನ ಅಂಗಡಿಗೆ ಬಂದರೆ ನಾನು ಮಾಡುವಂಥದ್ದು ಬಹಳ ಉಳಿದಿರುವುದಿಲ್ಲ.

ಹಂತ 6: ದುಡಿಯುವ ಕೈ ಇಲ್ಲದ ಮನೆ, ತಿಂಗಳಿಗೆ 4000 ರೂಪಾಯಿ

ವಾಟ್ಸ್ಆ್ಯಪ್‌ನಲ್ಲಿ "ಅಪ್ಪ ಇಲ್ಲದ ಎಲ್ಲ ಮಕ್ಕಳಿಗೂ ನಾಲ್ಕು ಸಾವಿರ, ಕೂಡಲೇ ಅರ್ಜಿ ಹಾಕಿ" ಅಂತ ಬಂದಾಗಲೆಲ್ಲ ನನ್ನ ಅಂಗಡಿ ಮುಂದೆ ಜಾತ್ರೆ. ಆ ಸಂದೇಶ ಅರ್ಧ ಖರೆ. ಮಕ್ಕಳ ರಕ್ಷಣೆಗೆಂದು ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಇದೆ, ಮಗುವಿಗೆ ತಿಂಗಳಿಗೆ 4000 ರೂಪಾಯಿ ಹೌದು. ಆದರೆ ಎಲ್ಲರಿಗೂ ಅಲ್ಲ.

ಯಾರಿಗೆ: 18 ವರ್ಷದೊಳಗಿನ ಮಗು. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಗಂಡ ಬಿಟ್ಟವಳು. ಇಲ್ಲವೇ ಅನಾಥ ಮಗು ಅಜ್ಜಿ, ಸೋದರಮಾವ ಹೀಗೆ ಬಂಧುಗಳ ಮನೆಯಲ್ಲಿದೆ. ಇಲ್ಲವೇ ತಂದೆತಾಯಿ ಜೀವಕ್ಕೇ ಕುತ್ತಾದ ಕಾಯಿಲೆಯಲ್ಲಿದ್ದಾರೆ, ದುಡಿಯಲಾಗದಂತೆ ಮೂಲೆ ಸೇರಿದ್ದಾರೆ. ಬಾಲ ಕಾರ್ಮಿಕತನದಿಂದ, ಬಾಲ್ಯವಿವಾಹದಿಂದ ಬಿಡಿಸಿದ ಮಕ್ಕಳೂ ಇದರಲ್ಲಿ ಬರುತ್ತಾರೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ದಾಟಿರಬಾರದು. ಆದಾಯ ಪ್ರಮಾಣಪತ್ರ ಬರೆಸುವಾಗಲೇ ಈ ಮಿತಿ ನೆನಪಿರಲಿ. ಸುಳ್ಳು ಬರೆಸಿ ಅಂತಲ್ಲ. ಗ್ರಾಮ ಆಡಳಿತಾಧಿಕಾರಿಗಳು ವಿಚಾರಿಸಲು ಬಂದಾಗ ಮನೆಯಲ್ಲಿ ಯಾರೂ ಇರದಿದ್ದರೆ ಅಂದಾಜಿನ ಮೇಲೆ ಒಂದು ಅಂಕಿ ಬಿದ್ದುಬಿಡುತ್ತದೆ, ಆ ಅಂಕಿ ಐದು ವರ್ಷ ನಿಮ್ಮ ಬೆನ್ನ ಹಿಂದೆ ಬರುತ್ತದೆ.

ಎಲ್ಲಿ: ಕೊಪ್ಪಳದ ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಕುಷ್ಟಗಿ, ಯಲಬುರ್ಗಾದವರು ಮೊದಲು ತಮ್ಮ ತಾಲ್ಲೂಕಿನ ಸಿಡಿಪಿಒ (ಅಂಗನವಾಡಿಗಳ ಮೇಲಿನ ಅಧಿಕಾರಿ) ಕಚೇರಿಯಲ್ಲಿ ಕೇಳಿ, ಫಾರ್ಮ್ ಅಲ್ಲೇ ಸಿಕ್ಕರೆ ಒಂದು ಓಡಾಟ ಉಳಿಯಿತು. ಫಾರ್ಮಿಗೆ ದುಡ್ಡಿಲ್ಲ. "ಮಾಡಿಸಿ ಕೊಡ್ತೀನಿ, ಮೊದಲನೇ ತಿಂಗಳಿಂದು ನನಗ" ಅನ್ನುವವರು ಸಿಗುತ್ತಾರೆ. ಅಂಥವರ ಕೈಗೆ ಆಧಾರ್ ಕೊಡಬೇಡಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಆದ್ದರಿಂದ ಕೊಪ್ಪಳಕ್ಕೆ ನೀವೇ ಹೋಗಿ ಬರಬಹುದು, ಮಧ್ಯೆ ಯಾರೂ ಬೇಡ.

ಮುಂದೇನಾಗುತ್ತದೆ: ಘಟಕದವರು ಮನೆಗೆ ಬಂದು ಸಾಮಾಜಿಕ ತನಿಖಾ ವರದಿ ಬರೆಯುತ್ತಾರೆ. ಮನೆಯಲ್ಲಿ ಟಿವಿ ಇದೆ ಅಂತ ಬಚ್ಚಿಡುವುದು, ಮಗುವಿಗೆ ಹೇಳಿಕೊಟ್ಟ ಮಾತು ಆಡಿಸುವುದು ಬೇಡ. ಇದ್ದದ್ದು ಇದ್ದ ಹಾಗೆ ಹೇಳಿ. ವರದಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗೆ ಹೋಗಿ ಮಂಜೂರಾಗಬೇಕು, ಅನುದಾನವೂ ಇರಬೇಕು, ಹಾಗಾಗಿ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಮಂಜೂರಾದ ಮೇಲೆ ಮಗು ಶಾಲೆ ತಪ್ಪಿಸುವಂತಿಲ್ಲ. ದೀರ್ಘ ಗೈರುಹಾಜರಿ ಆದರೆ ದುಡ್ಡು ನಿಲ್ಲುತ್ತದೆ. ವಿಶೇಷ ಅಗತ್ಯದ ಮಕ್ಕಳಿಗೆ ಇದರಲ್ಲಿ ವಿನಾಯಿತಿ ಇದೆ.

ಮಗುವನ್ನು ನೋಡಿಕೊಳ್ಳುವವರೇ ಯಾರೂ ಇಲ್ಲ ಅಂದಾಗ ಮಕ್ಕಳ ಕಲ್ಯಾಣ ಸಮಿತಿ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. 2015ರ ಬಾಲ ನ್ಯಾಯ ಕಾಯ್ದೆ ಇವರಿಗೆ ಮ್ಯಾಜಿಸ್ಟ್ರೇಟರ ಅಧಿಕಾರ ಕೊಟ್ಟಿದೆ. ಸಿಕ್ಕ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಇವರ ಮುಂದೆ ತರಬೇಕು. ಸಮಿತಿ ಅಂದೊಡನೆ "ಮಕ್ಕಳನ್ನ ಕಸಗೊಂಡು ಬಾಲಮಂದಿರಕ್ಕ ಹಾಕ್ತಾರ" ಅಂತ ಹೆದರುವವರು ಬಹಳ. ಕಾಯ್ದೆ ಹೇಳುವುದು ಉಲ್ಟಾ: ಸಂಸ್ಥೆ ಕೊನೆಯ ದಾರಿ, ಕುಟುಂಬ ಮೊದಲನೆಯದು. ಹೆತ್ತವರೇ ಸಾಕಲಾಗದೆ ಕೂಸನ್ನು ಒಪ್ಪಿಸುವುದಾದರೂ ಇವರ ಮುಂದೆಯೇ ಒಪ್ಪಿಸಬೇಕು, ಮನಸ್ಸು ಬದಲಾದರೆ ವಾಪಸು ಪಡೆಯಲು ಎರಡು ತಿಂಗಳು ಅವಕಾಶವಿದೆ. ಆಸ್ಪತ್ರೆಯ ಮೂಲೆಯಲ್ಲೋ ಮಧ್ಯವರ್ತಿಯ ಕೈಯಲ್ಲೋ ಕೊಟ್ಟರೆ ಅದು ಅಪರಾಧ.

ಹಂತ 7: ಅಂಗವಿಕಲ ಮಗು

ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಲ್ಲದೆ ಇಲ್ಲಿ ಯಾವುದೂ ಮುಂದೆ ಹೋಗುವುದಿಲ್ಲ. ಆನ್‌ಲೈನಿನಲ್ಲಿ ಅರ್ಜಿ, ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರರ ತಪಾಸಣೆ. 40 ಶೇಕಡಾಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ ಪಟ್ಟಿಯ ಕಾರ್ಡು. ಹೆಚ್ಚಿನ ಸೌಲಭ್ಯಕ್ಕೆ 40 ಅಥವಾ ಅದಕ್ಕಿಂತ ಮೇಲೆ ಇರಬೇಕು. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಕೈಕಾಲು, ಕಣ್ಣು, ಕಿವಿಯಷ್ಟೇ ಅಲ್ಲ. ಆಟಿಸಂ, ಕಲಿಕಾ ನ್ಯೂನತೆ, ತಲಸ್ಸೇಮಿಯಾ, ಕುಡಗೋಲು ರಕ್ತಕಣದ ಕಾಯಿಲೆ ಕೂಡ. "ನಮ್ಮ ಹುಡುಗಗ ಕೈಕಾಲು ಛಲೋ ಅದಾವು, ಕಾರ್ಡ್ ಬರಂಗಿಲ್ಲ" ಅಂತ ನೀವೇ ತೀರ್ಮಾನ ಮಾಡಬೇಡಿ.

ಬುದ್ಧಿ ಬೆಳವಣಿಗೆಯ ತೊಂದರೆ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹುವಿಧ ಅಂಗವೈಕಲ್ಯ ಇದ್ದವರಿಗೆ 'ನಿರಾಮಯ' ಅನ್ನುವ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಫಿಸಿಯೋಥೆರಪಿಯಂಥ ಖರ್ಚೂ ಸೇರಿ. ನಮ್ಮ ಕಡೆ ಇದನ್ನು ಕೇಳಿಕೊಂಡು ಬಂದವರು ಬೆರಳೆಣಿಕೆ. ಓದಿಗೆ ಬಿಇಒ ಕಚೇರಿಯ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಶಿಕ್ಷಕರನ್ನು (ಅಂಗವಿಕಲ ಮಕ್ಕಳ ಓದು ನೋಡಿಕೊಳ್ಳುವವರು) ಕೇಳಿ. ಎದ್ದು ಬರಲಾಗದ ಮಗುವಿಗೆ ಮನೆಯಲ್ಲೇ ಪಾಠದ ವ್ಯವಸ್ಥೆ ಇದೆ.

ಹಂತ 8: ಹದಿಹರೆಯದವರು

ಇವರ ವಿಷಯದಲ್ಲಿ ತಂದೆತಾಯಿ ಅಂಗಡಿಗೆ ಬರುವುದು ಕಡಿಮೆ. ಅರ್ಜಿ ನಮೂನೆಯಲ್ಲಿ ಇಲ್ಲದ ಕಷ್ಟಗಳು ಅವರವು.

ಮೊದಲು ಮದುವೆ. ಹುಡುಗಿಗೆ 18, ಹುಡುಗನಿಗೆ 21. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ತಾಳಿ ಬಿದ್ದಿತು, ಇನ್ನೇನು ಮಾಡಲಾಗುವುದಿಲ್ಲ ಅನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ. ಮಾಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಪಿಡಿಒ, ಸಿಡಿಪಿಒ, ತಹಶೀಲ್ದಾರರಿಗೆ ತಡೆಯುವ ಹೊಣೆ ಇದೆ. ಮದುವೆಗೆ ಮುಂಚೆಯೇ ಕೋರ್ಟಿನಿಂದ ತಡೆಯಾಜ್ಞೆ ತರಬಹುದು. ಹುಡುಗಿಯೇ 1098ಕ್ಕೆ ಫೋನು ಮಾಡಿದರೆ ಮದುವೆಯ ಅಂಚಿನಲ್ಲಿರುವ ಮಗು ಅಂತ ಮಕ್ಕಳ ಕಲ್ಯಾಣ ಸಮಿತಿ ಅವಳ ರಕ್ಷಣೆ ವಹಿಸಿಕೊಳ್ಳಬೇಕು. ಬೆಳಗಿನ ಜಾವದ ಮುಹೂರ್ತ ಇಟ್ಟು, ಪಕ್ಕದ ತಾಲ್ಲೂಕಿನ ಗುಡಿಯಲ್ಲಿ ಮುಗಿಸುವ ರೂಢಿ ಇರುವುದರಿಂದ, ತಿಳಿದ ಕೂಡಲೇ ಹೇಳಿ. ಲಗ್ನಪತ್ರಿಕೆ ಸಿಗಲಿ ಅಂತ ಕಾಯಬೇಡಿ. ಹೇಳಿದವರ ಹೆಸರು ಹೊರಗೆ ಬರಬಾರದು ಅಂತ ಫೋನಿನಲ್ಲೇ ತಿಳಿಸಿ.

ಶಾಲೆ ಬಿಟ್ಟ ಹುಡುಗಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ವಿಚಾರಿಸಿ, ಊಟ ವಸತಿ ಸೇರಿ ಉಚಿತ. 14 ವರ್ಷದೊಳಗಿನ ಮಗು ನಡುವೆ ಶಾಲೆ ಬಿಟ್ಟಿದ್ದರೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದದ್ದಕ್ಕೆ ಬೇರೆ ಪಾಠ ಹೇಳಬೇಕು. ನಮ್ಮ ಉದಾಹರಣೆಯ ಹದಿಮೂರರ ಹುಡುಗಿಯನ್ನು ಐದನೇ ಕ್ಲಾಸಿನ ಮಕ್ಕಳ ನಡುವೆ ಕೂರಿಸಿದರೆ ಎರಡನೇ ದಿನ ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಎಸ್ಸೆಸ್ಸೆಲ್ಸಿ ಫೇಲಾದವರಿಗೆ ಅದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ರಿಸಲ್ಟಿನ ದಿನ ಮನೆಯಲ್ಲಿ ಬೈಯುವ ಮೊದಲು ಮುಂದಿನ ಪರೀಕ್ಷೆಯ ಫಾರ್ಮ್ ಯಾವತ್ತು ಕೊನೆ ಅಂತ ನೋಡಿ.

ಮನಸ್ಸಿನ ವಿಷಯ ಇಲ್ಲೇ ಹೇಳಬೇಕು. ಮಾನಸಿಕ ಕಾಯಿಲೆಗೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ಕೊಡಬಹುದು ಅಂತ ದೇಶಕ್ಕೆ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ. ನಿಮ್ಹಾನ್ಸ್ 1985ರಿಂದ 1990ರವರೆಗೆ ಅಲ್ಲಿ ಮಾಡಿದ ಕೆಲಸವೇ 'ಬಳ್ಳಾರಿ ಮಾದರಿ' ಅಂತ ಹೆಸರಾಗಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದಾರಿಯಾಯಿತು. ಅಂದಮೇಲೆ ನಮ್ಮವರು "ಹುಚ್ಚರ ಡಾಕ್ಟರು" ಅಂತ ನಾಚಿ ದೂರ ನಿಲ್ಲುವುದು ಚೋದ್ಯವೇ. ಮಗ ಊಟ ಬಿಟ್ಟು ಕೋಣೆ ಸೇರಿದ್ದಾನೆ, ಸಾಯುವ ಮಾತಾಡುತ್ತಾನೆ ಅಂದರೆ 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್, ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮುಟ್ಟು, ಮೈಯ ಬದಲಾವಣೆ, ಚಟ, ಪ್ರೀತಿಯ ಗೊಂದಲ, ಇವಕ್ಕೆ ಸರ್ಕಾರಿ ಆಸ್ಪತ್ರೆಯ 'ಸ್ನೇಹ ಕ್ಲಿನಿಕ್'. 10ರಿಂದ 19 ವರ್ಷದವರಿಗೆಂದೇ ಇರುವುದು. ಫೋಟೋ ಇಟ್ಟುಕೊಂಡು ಹೆದರಿಸಿದರೆ, ಆನ್‌ಲೈನಿನಲ್ಲಿ ದುಡ್ಡು ಹೋದರೆ ಸೈಬರ್ ಸಹಾಯವಾಣಿ 1930.

ಲೈಂಗಿಕ ದೌರ್ಜನ್ಯ ಆಗಿದ್ದರೆ ಊರ ಪಂಚಾಯ್ತಿ ಕಟ್ಟೆಗೆ ಹೋಗಬೇಡಿ, ರಾಜಿ ಮಾಡಬೇಡಿ. 2012ರ ಪೋಕ್ಸೊ ಕಾಯ್ದೆಯಲ್ಲಿ ತಿಳಿದೂ ದೂರು ಕೊಡದಿರುವುದೇ ತಪ್ಪು. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ, ಯೂನಿಫಾರ್ಮ್ ಇಲ್ಲದೆ ಬಂದ ಅಧಿಕಾರಿ, ಆದಷ್ಟು ಮಹಿಳಾ ಅಧಿಕಾರಿಯೇ, ಬರೆದುಕೊಳ್ಳಬೇಕು. ರಾತ್ರಿ ಠಾಣೆಯಲ್ಲಿ ಮಗುವನ್ನು ಇರಿಸಿಕೊಳ್ಳುವಂತಿಲ್ಲ. ಹೆಸರು, ಫೋಟೋ, ಶಾಲೆ ಯಾವುದೂ ಹೊರಗೆ ಬರುವಂತಿಲ್ಲ, ನಿಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲೂ. ವಕೀಲರ ಖರ್ಚಿನ ಚಿಂತೆ ಬೇಡ: ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. 15100ಕ್ಕೆ ಕೇಳಬಹುದು.

ಹಂತ 9: ಗುಳೆ ಹೊರಡುವ ಮುಂಚೆ

ಸುಗ್ಗಿ ಮುಗಿದೊಡನೆ ನಮ್ಮ ಭಾಗದಿಂದ ಬೆಂಗಳೂರು, ಮಂಗಳೂರು, ಗೋವಾ ಕಡೆ ಜನ ದುಡಿಯಲು ಹೊರಡುತ್ತಾರೆ. ಕಷ್ಟಪಟ್ಟು ಜೋಡಿಸಿದ ನೆರವೆಲ್ಲ ಕಡಿದುಹೋಗುವುದು ಈಗಲೇ. ಲಗೇಜು ಕಟ್ಟುವಾಗ ತಾಯಿ ಕಾರ್ಡು, ಮಗುವಿನ ಆಧಾರ್, ರೇಷನ್ ಕಾರ್ಡಿನ ನಂಬರು ಕಟ್ಟಿಕೊಳ್ಳಿ. ಅಂಗನವಾಡಿ ಟೀಚರಿಗೆ ಹೇಳಿ ಹೋಗಿ. ಅಂಗನವಾಡಿಯವರ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ಹೆಸರನ್ನು ಹೊಸ ಊರಿನ ಅಂಗನವಾಡಿಗೆ ವರ್ಗಾಯಿಸಬಹುದು. ಲಸಿಕೆ ಎಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಾದರೂ ಸಿಗುತ್ತದೆ, ಕಾರ್ಡು ತೋರಿಸಿದರಾಯಿತು. ಶಾಲೆಯ ಮಕ್ಕಳನ್ನು ಬಿಟ್ಟು ಹೋಗುವುದಾದರೆ ಊರಲ್ಲಿ ಋತುಮಾನ ವಸತಿ ಶಾಲೆ (ಗುಳೆ ಹೋದವರ ಮಕ್ಕಳು ಉಳಿದು ಓದುವುದು) ನಡೆಸುತ್ತಾರೆಯೇ ಅಂತ ಹೆಡ್‌ಮಾಸ್ತರರನ್ನು ಕೇಳಿ. ಇಲ್ಲದಿದ್ದರೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಹಾಸ್ಟೆಲ್ಲು. ಕರೆದುಕೊಂಡೇ ಹೋದರೆ ಅಲ್ಲಿನ ಶಾಲೆ ಸೇರಿಸಿಕೊಳ್ಳಲೇಬೇಕು.

ಕಟ್ಟಡ ಕೆಲಸಕ್ಕೆ ಹೋಗುವವರು ಲೇಬರ್ ಕಾರ್ಡು ಮಾಡಿಸಿ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು, ವಯಸ್ಸು 18ರಿಂದ 60. ಮಕ್ಕಳ ಓದಿಗೆ ಸಹಾಯಧನ, ಹೆರಿಗೆ ನೆರವು ಇದರಲ್ಲಿವೆ. ಬೇರೆ ಕೆಲಸದವರು ಸುಳ್ಳು ಕಾರ್ಡು ಮಾಡಿಸಿ ರದ್ದಾದದ್ದೂ ಬಹಳ, ನನ್ನ ಹತ್ತಿರ ಅದಕ್ಕಾಗಿ ಬರಬೇಡಿ.

ಹಂತ 10: ಅರ್ಜಿ ಕೊಟ್ಟ ಮೇಲೆ

ಸ್ವೀಕೃತಿ ಇಲ್ಲದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ. ಎರಡು ಪ್ರತಿ ಒಯ್ಯಿರಿ. ಒಂದನ್ನು ಅವರಿಗೆ ಕೊಟ್ಟು, ನಿಮ್ಮದರ ಮೇಲೆ ಸೀಲು, ದಿನಾಂಕ ಹಾಕಿಸಿ. "ಇಡ್ರಿ, ನೋಡ್ತೀವಿ" ಅಂದರೆ ಅಲ್ಲೇ ನಿಂತು ಮೆತ್ತಗೆ, "ಒಂದು ಸೀಲ್ ಹಾಕಿ ಕೊಡ್ರಿ ಸಾಹೇಬ್ರ, ಇಲ್ಲಾಂದ್ರ ಮನ್ಯಾಗ ನಂಬಂಗಿಲ್ಲ" ಅನ್ನಿ. ನಗುತ್ತಾ ಹಾಕಿಕೊಡುತ್ತಾರೆ. ಸೀಲು ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ಚೀಟಿ ಇಟ್ಟುಕೊಳ್ಳಿ. ಸಕಾಲದ (ಗೊತ್ತಾದ ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನುವ ಕಾಯ್ದೆ) ಪಟ್ಟಿಯಲ್ಲಿರುವ ಸೇವೆಯಾದರೆ ಅವರು ಕೊಡುವ ನಂಬರಿನಲ್ಲಿ ಕೊನೆಯ ದಿನ ಗೊತ್ತಾಗುತ್ತದೆ.

ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಸ್ವೀಕೃತಿಯ ಜೆರಾಕ್ಸ್ ಹಚ್ಚಿ, ಅದೇ ಕಚೇರಿಗೆ ನಾಲ್ಕು ಸಾಲಿನ ನೆನಪೋಲೆ. ಆಮೇಲೂ ಇಲ್ಲದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಅರ್ಜಿ: "ಇಂಥ ದಿನಾಂಕದ ನನ್ನ ಅರ್ಜಿಯ ಮೇಲೆ ಈವರೆಗೆ ಏನು ಕ್ರಮ ಆಗಿದೆ, ಕಡತ ಯಾರ ಬಳಿ ಇದೆ?" ಇಷ್ಟೇ ಬರೆಯಿರಿ, ಬೈಗುಳ ಬೇಡ. ಬಿಪಿಎಲ್ ಕಾರ್ಡಿದ್ದವರಿಗೆ ಆ ಹತ್ತು ರೂಪಾಯಿಯೂ ಇಲ್ಲ. ಉತ್ತರಕ್ಕೆ 30 ದಿನ. ಮಗುವಿನ ಹಕ್ಕಿಗೇ ಧಕ್ಕೆಯಾಗಿದ್ದರೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಬಹುದು, ಅಲ್ಲಿಗೆ ಹೋಗಬೇಕಾಗಿಲ್ಲ.

ಮೂಲ ಕಾಗದ ಯಾರ ಕೈಗೂ ಬಿಟ್ಟು ಬರಬೇಡಿ, ನನ್ನ ಅಂಗಡಿಯಲ್ಲೂ. ಜೆರಾಕ್ಸ್ ಮೆಷಿನ್ನಿನ ಮುಚ್ಚಳದ ಕೆಳಗೆ ಜನ ಮರೆತು ಹೋದ ಆಧಾರ್ ಕಾರ್ಡುಗಳ ಒಂದು ಕಟ್ಟೇ ನನ್ನ ಡ್ರಾಯರಿನಲ್ಲಿದೆ. ಹೊರಡುವ ಮುಂಚೆ ಆ ಮುಚ್ಚಳ ಒಮ್ಮೆ ಎತ್ತಿಸಿ ನೋಡಿ.